ಅಪ್‌ಡೇಟ್ ಆದಮೇಲೆ ಫೋನಿನ ಚಾರ್ಜು ಮಧ್ಯಾಹ್ನಕ್ಕೇ ಖಾಲಿ: ಬ್ಯಾಟರಿ ಬದಲಿಸಲೋ, ರೀಸೆಟ್ ಹೊಡೆಯಲೋ?

ಸದ್ಯಕ್ಕೆ ಎರಡೂ ಬೇಡ. ನೀವು ಬರೆದಿರುವುದು ಇಷ್ಟು: ಎರಡು ವರ್ಷದ ಸ್ಯಾಮ್‌ಸಂಗ್ ಫೋನು, 5000 ಎಂಎಎಚ್ (ಎಷ್ಟು ಚಾರ್ಜು ಹಿಡಿಯುತ್ತದೆ ಎಂಬ ಅಳತೆ) ಬ್ಯಾಟರಿ, ಎರಡು ಸಿಮ್. ಅಪ್‌ಡೇಟ್ ಆಗಿ ಹತ್ತು ದಿನ. ಮುಂಚೆ ರಾತ್ರಿ ಹತ್ತಕ್ಕೂ 30% ಉಳಿಯುತ್ತಿದ್ದುದು ಈಗ ಮಧ್ಯಾಹ್ನ ಮೂರಕ್ಕೆಲ್ಲ ಆಫ್. ದಿನಾ ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ಓಡಾಟ, ಹೊರಡುವ ಮುಂಚೆ ಒಂದು ಗಂಟೆ ಚಾರ್ಜು. ಅರಸು ರಸ್ತೆಯ ಅಂಗಡಿಯವರು ಬ್ಯಾಟರಿ ಹೋಗಿದೆ ಅಂದರು, ಆಫೀಸಿನವರು ಫೋನಿನಲ್ಲಿರುವುದನ್ನೆಲ್ಲ ಅಳಿಸಿ ರೀಸೆಟ್ ಮಾಡಿ ಅಂದರು.

ಹಿಂದಿನ ದಿನ ಸರಿಯಿದ್ದ ಬ್ಯಾಟರಿ ಒಂದು ಅಪ್‌ಡೇಟಿಗೆ ಅರ್ಧಕ್ಕರ್ಧ ಸವೆಯುವುದಿಲ್ಲ. ಸವೆತ ತಿಂಗಳುಗಟ್ಟಲೆ ನಡೆಯುವ ಕೆಲಸ. ಕೊಡ ಚಿಕ್ಕದಾಗಿಲ್ಲ, ಎಲ್ಲೋ ಸೋರುತ್ತಿದೆ. ಎಲ್ಲಿ ಅಂತ ಗೊತ್ತಾಗುವ ಮುಂಚೆ ದುಡ್ಡು ಬಿಚ್ಚಬೇಡಿ.

ಮೊದಲು ಚಾರ್ಜ್ ಮಾಡುವ ಹೊತ್ತನ್ನೇ ಬದಲಿಸಿ. ದೊಡ್ಡ ಅಪ್‌ಡೇಟ್ ಆದಮೇಲೆ ಆಂಡ್ರಾಯ್ಡ್ ನಿಮ್ಮ ಆ್ಯಪ್‌ಗಳನ್ನೆಲ್ಲ ಹೊಸ ಸಿಸ್ಟಮ್ಮಿಗೆ ತಕ್ಕಂತೆ ಮತ್ತೆ ಕಂಪೈಲ್ ಮಾಡಬೇಕಾಗುತ್ತದೆ, ಅಂದರೆ ಪ್ರೊಸೆಸರ್ ನೇರವಾಗಿ ಓಡಿಸಬಲ್ಲ ರೂಪಕ್ಕೆ ತರಬೇಕಾಗುತ್ತದೆ. ಈ ಕೆಲಸಕ್ಕೆ ಅದು ಕಾಯುವುದು ಫೋನು ಚಾರ್ಜಿನಲ್ಲಿದ್ದು, ಯಾರೂ ಮುಟ್ಟದೆ ಸುಮ್ಮನೆ ಬಿದ್ದಿರುವ ಹೊತ್ತಿಗಾಗಿ. ಬೆಳಿಗ್ಗೆ ಒಂದು ಗಂಟೆ, ಅದರಲ್ಲೂ ನಡುನಡುವೆ ವಾಟ್ಸ್‌ಆ್ಯಪ್ ನೋಡುತ್ತಾ ಚಾರ್ಜ್ ಮಾಡಿದರೆ ಅದು ಮುಗಿಯುವುದೇ ಇಲ್ಲ. ಮುಗಿಯದಿದ್ದರೆ ಆ್ಯಪ್ ತೆರೆದಾಗಲೆಲ್ಲ ಪ್ರೊಸೆಸರ್ ಆ ಕೆಲಸವನ್ನು ಆಗಿಂದಾಗ್ಗೆ ಮಾಡುತ್ತಾ ಹೋಗುತ್ತದೆ; ಫೋನು ಬೆಚ್ಚಗಾಗುತ್ತದೆ, ಚಾರ್ಜು ಇಳಿಯುತ್ತದೆ. ಆದ್ದರಿಂದ ಎರಡು ರಾತ್ರಿ ವೈಫೈ ಆನ್ ಮಾಡಿ, ಪ್ಲೇ ಸ್ಟೋರಿನಲ್ಲಿ ಬಾಕಿಯಿರುವ ಅಪ್‌ಡೇಟ್‌ಗಳನ್ನೆಲ್ಲ ಹಾಕಿ, ಚಾರ್ಜರಿಗೆ ಸಿಕ್ಕಿಸಿ ಬೆಳಗಿನವರೆಗೆ ಬಿಡಿ. ಪವರ್ ಸೇವಿಂಗ್ ಮೋಡ್ ಆಫ್ ಇರಲಿ, ಅದು ಹಿನ್ನೆಲೆ ಕೆಲಸವನ್ನು ಮುಂದೂಡುತ್ತದೆ.

ಮೂರನೇ ರಾತ್ರಿ ಪರೀಕ್ಷೆ. ಹನ್ನೊಂದು ಗಂಟೆಗೆ 100% ಇರುವಾಗ ಚಾರ್ಜರ್ ತೆಗೆದು, ಏರ್‌ಪ್ಲೇನ್ ಮೋಡ್ ಹಾಕಿ, ವೈಫೈ, ಬ್ಲೂಟೂತ್ ಎರಡೂ ಆಫ್ ಮಾಡಿ ಮಲಗಿ. ಬೆಳಿಗ್ಗೆ ಆರಕ್ಕೆ ಎಷ್ಟಿದೆ ಬರೆದುಕೊಳ್ಳಿ. ನಾಲ್ಕನೇ ರಾತ್ರಿ ಅದೇ ಪರೀಕ್ಷೆ, ಈ ಸಲ ಎರಡೂ ಸಿಮ್ ಮತ್ತು ಡೇಟಾ ಆನ್ ಇಟ್ಟು. ನಿಮ್ಮ ಫೋನಿನಲ್ಲಿ 1% ಅಂದರೆ 50 ಎಂಎಎಚ್. ಏರ್‌ಪ್ಲೇನ್ ಮೋಡಿನಲ್ಲಿ ರಾತ್ರಿಯಿಡೀ 2–3% ಇಳಿದರೆ ಮಾಮೂಲಿ. ಅದರಲ್ಲೇ 10% ಇಳಿದರೆ ಯಾವುದೋ ಆ್ಯಪ್ ಫೋನನ್ನು ನಿದ್ದೆ ಮಾಡಲು ಬಿಡುತ್ತಿಲ್ಲ, ಇಲ್ಲವೇ ಬ್ಯಾಟರಿಯೇ ಸೋತಿದೆ. ಏರ್‌ಪ್ಲೇನ್ ಮೋಡಿನ ರಾತ್ರಿ 2%, ಸಿಮ್ ಆನ್ ಇದ್ದ ರಾತ್ರಿ 12% ಇಳಿದರೆ ಕಳ್ಳ ಸಿಕ್ಕಿದ: ನೆಟ್‌ವರ್ಕ್.

ನನ್ನ ಅನುಮಾನವೂ ಅದರ ಮೇಲೆಯೇ. ಅಪ್‌ಡೇಟ್ ಆದಾಗ ಕೆಲವು ಸಲ ನೆಟ್‌ವರ್ಕ್ ಮೋಡ್ ಮತ್ತೆ ‘5ಜಿ ಆಟೋ’ಗೆ ಹೋಗಿ ಕೂತಿರುತ್ತದೆ. ಏರ್‌ಟೆಲ್‌ನ 5ಜಿ ಬಹುಮಟ್ಟಿಗೆ 4ಜಿಯ ಆಸರೆಯಲ್ಲಿ ನಡೆಯುವಂಥದು, ಡೇಟಾ ಓಡುವಾಗ ಫೋನು ಎರಡನ್ನೂ ಒಟ್ಟಿಗೆ ಹಿಡಿದುಕೊಂಡಿರುತ್ತದೆ. ಜಿಯೋ 5ಜಿ ಸ್ವತಂತ್ರವಾಗಿ ನಿಂತರೂ ಸಿಗ್ನಲ್ ತೆಳುವಾದ ಕಡೆ 4ಜಿಗೆ ಇಳಿಯುವುದು, ಮತ್ತೆ ಹತ್ತುವುದು ತಪ್ಪಿದ್ದಲ್ಲ. ಮಂಡ್ಯ ಬಿಟ್ಟು ಯಲಿಯೂರು, ಪಾಂಡವಪುರ, ಶ್ರೀರಂಗಪಟ್ಟಣ, ನಾಗನಹಳ್ಳಿ ಅಂತ ರೈಲು ಓಡುತ್ತಿದ್ದಂತೆ ಟವರ್ ಮೇಲೆ ಟವರ್ ಬದಲಾಗುತ್ತದೆ, ಜೊತೆಗೆ ಬೋಗಿಯ ತಗಡು ಸಿಗ್ನಲ್ಲನ್ನು ಇನ್ನಷ್ಟು ತಗ್ಗಿಸುತ್ತದೆ. ಸಿಗ್ನಲ್ ತಗ್ಗಿದಷ್ಟೂ ಫೋನು ತಾನೇ ಗಟ್ಟಿಯಾಗಿ ಕೂಗಬೇಕು, ಅಂದರೆ ಹೆಚ್ಚು ಶಕ್ತಿಯಲ್ಲಿ ಪ್ರಸಾರ ಮಾಡಬೇಕು. ‘ಅಬೌಟ್ ಫೋನ್’ ಒಳಗೆ ಸ್ಟೇಟಸ್, ಸಿಮ್ ಸ್ಟೇಟಸ್ ಅಂತ ಹೋದರೆ ಸಿಗ್ನಲ್ ಬಲ ಕಾಣುತ್ತದೆ: ಮೈನಸ್ 90ರ ಆಸುಪಾಸು ಚೆನ್ನಾಗಿದೆ, ಮೈನಸ್ 110ಕ್ಕಿಂತ ಕೆಳಗೆ, ಅಂದರೆ ಮೈನಸ್ 115, 120ರ ಕಡೆಗೆ ಹೋದರೆ ಬ್ಯಾಟರಿಗೆ ಹೊಡೆತ.

ಮಾಡಬೇಕಾದ್ದು: ಸೆಟ್ಟಿಂಗ್ಸ್, ಕನೆಕ್ಷನ್ಸ್, ಮೊಬೈಲ್ ನೆಟ್‌ವರ್ಕ್ಸ್, ನೆಟ್‌ವರ್ಕ್ ಮೋಡ್. ಅಲ್ಲಿ ‘ಎಲ್‌ಟಿಇ/3ಜಿ/2ಜಿ’ ಎಂಬುದನ್ನು ಆರಿಸಿ (ಎಲ್‌ಟಿಇ ಅಂದರೆ 4ಜಿ). ಯೂಟ್ಯೂಬಿನಲ್ಲಿ ಹೇಳಿಕೊಡುವ ಗುಪ್ತ ಮೆನುವಿಗೆ ಹೋಗಿ ‘ಎಲ್‌ಟಿಇ ಓನ್ಲಿ’ ಹಾಕಬೇಡಿ, 4ಜಿ ಇಲ್ಲದ ಕಡೆ ಏರ್‌ಟೆಲ್ ಸಿಮ್ಮಿಗೆ 2ಜಿಯಲ್ಲಾದರೂ ಬರಬಹುದಾದ ಕಾಲ್ ತಪ್ಪಿಹೋಗುತ್ತದೆ. ಇನ್ನೊಂದು ವಿಷಯ: ಅನ್‌ಲಿಮಿಟೆಡ್ 5ಜಿ ಪ್ಲಾನಿನಲ್ಲಿದ್ದರೆ 4ಜಿಗೆ ಬಂದ ತಕ್ಷಣ ದಿನದ ಡೇಟಾ ಮಿತಿ ಲೆಕ್ಕಕ್ಕೆ ಬರುತ್ತದೆ, ರೈಲಿನಲ್ಲಿ ವಿಡಿಯೋ ನೋಡುವವರು ನೆನಪಿಡಿ. ಎರಡನೇ ಸಿಮ್ ಬರೀ ಓಟಿಪಿಗೆ ಇಟ್ಟುಕೊಂಡಿದ್ದು, ಆ ಕಂಪನಿಯ ಸಿಗ್ನಲ್ ದಾರಿಯಲ್ಲಿ ಸಿಗದಿದ್ದರೆ ಫೋನು ಟವರ್ ಹುಡುಕುತ್ತಲೇ ಇರುತ್ತದೆ. ಸಿಮ್ ಮ್ಯಾನೇಜರಿನಲ್ಲಿ ಅದನ್ನು ಆಫ್ ಮಾಡಿ, ಬೇಕಾದಾಗ ಆನ್ ಮಾಡಿಕೊಳ್ಳಿ.

ಆ್ಯಪ್‌ಗಳ ವಿಚಾರಕ್ಕೆ ಬಂದರೆ, ಬ್ಯಾಟರಿ ಪುಟದ ಪಟ್ಟಿಯಲ್ಲಿ ಶೇಕಡಾವಾರು ನೋಡಿ ಗಾಬರಿಯಾಗಬೇಡಿ. ಮೂರು ಗಂಟೆ ವಿಡಿಯೋ ನೋಡಿದರೆ ಯೂಟ್ಯೂಬ್ ಮೇಲೆ ಬರುವುದು ಸಹಜ. ನೋಡಬೇಕಾದ್ದು ಹಿನ್ನೆಲೆಯ ಸಮಯ. ಹತ್ತು ನಿಮಿಷ ಬಳಸಿದ ಆ್ಯಪ್ ಆರು ಗಂಟೆ ಹಿನ್ನೆಲೆಯಲ್ಲಿ ಓಡಿದ್ದರೆ ಅದನ್ನು ‘ಬ್ಯಾಕ್‌ಗ್ರೌಂಡ್ ಯೂಸೇಜ್ ಲಿಮಿಟ್ಸ್’ನಲ್ಲಿ ಡೀಪ್ ಸ್ಲೀಪಿಂಗ್ ಪಟ್ಟಿಗೆ ಸೇರಿಸಿ. ವಾಟ್ಸ್‌ಆ್ಯಪ್, ಬ್ಯಾಂಕಿನ ಆ್ಯಪ್ ಸೇರಿಸಬೇಡಿ, ಮೆಸೇಜು ತಡವಾಗುತ್ತದೆ. ಗೂಗಲ್ ಪ್ಲೇ ಸರ್ವೀಸಸ್ ಮೇಲೆ ಕಂಡರೆ ಸಾಮಾನ್ಯವಾಗಿ ತಪ್ಪು ಅದರದ್ದಲ್ಲ: ಬೇರೆ ಯಾವುದೋ ಆ್ಯಪ್ ಅದರ ಮೂಲಕ ಲೊಕೇಶನ್ ಕೇಳುತ್ತಿರುತ್ತದೆ, ಅಥವಾ ಯಾವುದೋ ಅಕೌಂಟಿನ ಸಿಂಕ್ ಸಿಕ್ಕಿಹಾಕಿಕೊಂಡಿರುತ್ತದೆ. ಲೊಕೇಶನ್ ಪುಟದಲ್ಲಿ ಈಚೆಗೆ ಬಳಸಿದವರು ಯಾರು ನೋಡಿ, ಡೆಲಿವರಿ, ಕ್ಯಾಬ್ ಆ್ಯಪ್‌ಗಳಿಗೆ ‘ಬಳಸುವಾಗ ಮಾತ್ರ’ ಸಾಕು. ಆಲ್ವೇಸ್ ಆನ್ ಡಿಸ್‌ಪ್ಲೇ, 120 ಹರ್ಟ್ಸ್ (ಪರದೆ ಸೆಕೆಂಡಿಗೆ 120 ಸಲ ಹೊಸದಾಗುವ ಮೋಡ್) ತಾವಾಗಿ ಆನ್ ಆಗಿವೆಯೇ ಅದನ್ನೂ ಒಮ್ಮೆ ನೋಡಿಬಿಡಿ.

ರೀಸೆಂಟ್ಸ್‌ನಿಂದ ಆ್ಯಪ್ ಉಜ್ಜಿ ತೆಗೆಯುವುದರಿಂದ ಉಳಿತಾಯವಿಲ್ಲ, ಮತ್ತೆ ಬುಡದಿಂದ ತೆರೆಯಲು ಖರ್ಚು ಜಾಸ್ತಿ. ‘ಬ್ಯಾಟರಿ ಡಾಕ್ಟರ್’ ಥರದ ಆ್ಯಪ್‌ಗಳಂತೂ ಜಾಹೀರಾತು ತೋರಿಸಿಯೇ ಬ್ಯಾಟರಿ ತಿನ್ನುತ್ತವೆ.

ಇಷ್ಟಕ್ಕೂ ಬಗ್ಗದಿದ್ದರೆ ಕ್ಯಾಶ್, ಅಂದರೆ ಸಿಸ್ಟಮ್ ಕೂಡಿಟ್ಟುಕೊಂಡ ತಾತ್ಕಾಲಿಕ ಫೈಲುಗಳನ್ನು ಅಳಿಸಿ. ಫೋನ್ ಆಫ್ ಮಾಡಿ, ಯುಎಸ್‌ಬಿ ಕೇಬಲ್ಲಿನಿಂದ ಕಂಪ್ಯೂಟರಿಗೆ ಜೋಡಿಸಿ, ವಾಲ್ಯೂಮ್ ಅಪ್ ಮತ್ತು ಪಕ್ಕದ ಬಟನ್ ಒಟ್ಟಿಗೆ ಒತ್ತಿ ಹಿಡಿಯಿರಿ. ರಿಕವರಿ ಮೆನು ಬಂದಾಗ ವಾಲ್ಯೂಮ್ ಬಟನ್ನಿನಿಂದ ‘ವೈಪ್ ಕ್ಯಾಶ್ ಪಾರ್ಟಿಶನ್’ಗೆ ಹೋಗಿ. ಅದೇ ಪಟ್ಟಿಯಲ್ಲಿ ‘ವೈಪ್ ಡೇಟಾ’ ಕೂತಿದೆ. ಅದನ್ನು ಒತ್ತಿದರೆ ಫೋಟೋ ಸಮೇತ ಎಲ್ಲ ಹೋಯಿತು. ಆತುರ ಬೇಡ.

ಬ್ಯಾಟರಿ ನಿಜಕ್ಕೂ ಸೋತಿದ್ದರೆ ಲಕ್ಷಣ ಬೇರೆ: 25% ಇರುವಾಗಲೇ ಆಫ್ ಆಗುವುದು, 40ರಿಂದ ಒಮ್ಮೆಲೇ 15ಕ್ಕೆ ಜಿಗಿಯುವುದು, ಹಿಂದಿನ ಮುಚ್ಚಳ ಎದ್ದು ಬರುವುದು. ಸ್ಯಾಮ್‌ಸಂಗ್ ಮೆಂಬರ್ಸ್ ಆ್ಯಪ್‌ನ ಡಯಾಗ್ನೋಸ್ಟಿಕ್ಸ್‌ನಲ್ಲಿ ಬ್ಯಾಟರಿ ಸ್ಥಿತಿ ಹೇಗಿದೆ ಅಂತಲೂ ತೋರಿಸುತ್ತದೆ. ಮುಚ್ಚಳ ಎದ್ದಿದ್ದರೆ ಮಾತ್ರ ಮೇಲಿನ ಯಾವ ಪರೀಕ್ಷೆಯೂ ಬೇಡ. ಚಾರ್ಜಿಗೆ ಹಾಕದೆ, ಒತ್ತದೆ ಅವತ್ತೇ ಅಧಿಕೃತ ಸರ್ವಿಸ್ ಸೆಂಟರಿಗೆ ಒಯ್ಯಿರಿ. ಅಗ್ಗದ ಬ್ಯಾಟರಿಯ ಮೇಲೆ ಬರೆದಿರುವ ಎಂಎಎಚ್ ನಂಬುವಂಥದಲ್ಲ, ಜೊತೆಗೆ ಹೊರಗೆ ಮುಚ್ಚಳ ಬಿಚ್ಚಿಸಿದರೆ ನೀರು ತಡೆಯುವ ಅಂಟು ಮೊದಲಿನ ಹಾಗೆ ಕೂರುವುದು ಅಪರೂಪ.

ರೀಸೆಟ್ ಕೊನೆಯ ದಾರಿ. ಮಾಡುವುದೇ ಆದರೆ ವಾಟ್ಸ್‌ಆ್ಯಪ್ ಬ್ಯಾಕಪ್ ತೆಗೆದುಕೊಳ್ಳಿ. ಯುಪಿಐ ಆ್ಯಪ್‌ಗಳನ್ನು ಹೊಸದಾಗಿ ನೋಂದಾಯಿಸಲು ಬ್ಯಾಂಕಿಗೆ ಕೊಟ್ಟ ಸಿಮ್ಮಿನಿಂದ ಎಸ್ಎಂಎಸ್ ಹೋಗಬೇಕು, ಅದರಲ್ಲಿ ರೀಚಾರ್ಜ್ ಇರಲಿ. ಹಳೆಯ ಆ್ಯಪ್‌ಗಳನ್ನೆಲ್ಲ ಒಟ್ಟಿಗೆ ರೀಸ್ಟೋರ್ ಮಾಡಿದರೆ ಕಾಟ ಕೊಡುತ್ತಿದ್ದುದೂ ವಾಪಸ್ ಬರುತ್ತದೆ, ಬೇಕಾದವನ್ನಷ್ಟೇ ಒಂದೊಂದಾಗಿ ಹಾಕಿಕೊಳ್ಳಿ. ರೀಸೆಟ್ ಆದಮೇಲೂ ಆ್ಯಪ್‌ಗಳನ್ನು ಹೊಂದಿಸುವ, ಫೋಟೋ ಜಾಲಾಡುವ ಕೆಲಸ ಮತ್ತೆ ಶುರುವಾಗುವುದರಿಂದ, ಗುಣವಾಯಿತೋ ಇಲ್ಲವೋ ಅಂತ ಮೂರನೇ ದಿನದ ಮುಂಚೆ ಲೆಕ್ಕ ಹಾಕಬೇಡಿ.