ನೌಕರಿಯ ಜೊತೆಗೆ ಆನ್‌ಲೈನ್ ಸ್ನಾತಕೋತ್ತರ ಪದವಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಗದಗಿನಿಂದ ದಿನವೂ ರೈಲಿನಲ್ಲಿ ಹುಬ್ಬಳ್ಳಿಗೆ ಹೋಗಿ, ತಾರಿಹಾಳದ ಒಂದು ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಮನೆ ಸೇರುವಾಗ ರಾತ್ರಿ ಎಂಟಾಗಿರುತ್ತದೆ. ಮಗ ಎರಡನೆಯ ತರಗತಿಯಲ್ಲಿದ್ದಾನೆ. ಆನ್‌ಲೈನ್‌ನಲ್ಲಿ ಎಂ.ಕಾಂ. ಮಾಡಬೇಕೆಂಬ ಆಸೆಯಿದೆ. ಒಂದು ಖಾಸಗಿ ಕೇಂದ್ರದವರು ಒಂದೇ ವರ್ಷದಲ್ಲಿ ಪದವಿ ಕೊಡಿಸುತ್ತೇವೆ ಎನ್ನುತ್ತಾರೆ. ನಂಬಬಹುದೇ? ನನ್ನಿಂದ ಇದು ಆದೀತೇ?
— ಓದುಗರು, ಗದಗ

ಉತ್ತರ: ಆ ಕೇಂದ್ರಕ್ಕೆ ಒಂದು ರೂಪಾಯಿಯನ್ನೂ ಕೊಡಬೇಡಿ. ಮೂರು ವರ್ಷದ ಬಿ.ಕಾಂ. ಮುಗಿಸಿದವರಿಗೆ ಎಂ.ಕಾಂ. ಎರಡು ವರ್ಷದ ಓದು. ಅದನ್ನು ಒಂದು ವರ್ಷಕ್ಕೆ ಇಳಿಸುವ ಅಧಿಕಾರ ಯಾವ ಮಧ್ಯವರ್ತಿಗೂ ಇಲ್ಲ. ಆನ್‌ಲೈನ್ ಪದವಿಯನ್ನು ಫ್ರಾಂಚೈಸಿ ಮೂಲಕ ನಡೆಸುವುದನ್ನು ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2020ರ ನಿಯಮಾವಳಿಯೇ ನಿಷೇಧಿಸಿದೆ. ವಿಶ್ವವಿದ್ಯಾಲಯದ ಹೆಸರು ದೊಡ್ಡದಿದ್ದರೆ ಸಾಲದು, ನೀವು ಸೇರುವ ಕೋರ್ಸಿಗೆ, ನೀವು ಸೇರುವ ಅವಧಿಗೆ ಮಾನ್ಯತೆ ಇದೆಯೇ ಎಂಬುದನ್ನು ಯುಜಿಸಿಯ ದೂರಶಿಕ್ಷಣ ಬ್ಯೂರೋದ ಜಾಲತಾಣದಲ್ಲಿ ನೀವೇ ನೋಡಿಕೊಳ್ಳಬೇಕು. ಪ್ರವೇಶಕ್ಕೆ ಮುನ್ನ ಎಬಿಸಿ ಐಡಿ (ನಿಮ್ಮ ಓದಿನ ದಾಖಲೆ ಜಮೆಯಾಗುವ ಖಾತೆಯ ಸಂಖ್ಯೆ) ಹಾಗೂ ಇದೇ ದೂರಶಿಕ್ಷಣ ಬ್ಯೂರೋದ ಡೆಬ್ ಐಡಿ ಮಾಡಿಸಿಕೊಳ್ಳುವುದು 2024ರಿಂದ ಕಡ್ಡಾಯವಾಗಿದೆ. ಅದನ್ನು ಕೇಳದೆ ದುಡ್ಡು ಕಟ್ಟಿಸಿಕೊಳ್ಳುವವರಿಂದ ದೂರವಿರಿ.

ನಿಮ್ಮ ಎರಡನೆಯ ಪ್ರಶ್ನೆಯೇ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಇಗ್ನೋ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಲೆಕ್ಕದಂತೆ ಒಂದು ಕ್ರೆಡಿಟ್‌ಗೆ, ಅಂದರೆ ಓದಿನ ಪ್ರಮಾಣದ ಒಂದು ಅಳತೆಗೆ, 30 ಗಂಟೆಗಳ ಓದು ಬೇಕು. ಎರಡು ವರ್ಷದ ಪದವಿಗೆ ಸುಮಾರು 80 ಕ್ರೆಡಿಟ್ ಎಂದು ಹಿಡಿದರೆ 2,400 ಗಂಟೆಗಳಾಗುತ್ತವೆ. ವಾರಕ್ಕೆ ಹಂಚಿದರೆ 23 ಗಂಟೆಗಳು. ರಾತ್ರಿ ಎಂಟಕ್ಕೆ ಮನೆಗೆ ಬಂದು, ಅಡುಗೆ ಮಾಡಿ, ಮಗನ ಪಾಠ ನೋಡಿದ ಮೇಲೆ ಇಷ್ಟು ಹೊತ್ತು ಉಳಿಯುವುದಿಲ್ಲ, ಉಳಿಯಬೇಕೆಂದು ನಿದ್ದೆಗೆಡುವುದೂ ಸರಿಯಲ್ಲ. ಆದ್ದರಿಂದ ‘ಎರಡು ವರ್ಷ’ ಎಂಬ ಹಟ ಬಿಡಿ. ಇಗ್ನೋದ ಎಂ.ಕಾಂ. ಮುಗಿಸಲು ಗರಿಷ್ಠ ನಾಲ್ಕು ವರ್ಷಗಳ ಅವಕಾಶವಿದೆ. ಬೇರೆ ಕಡೆ ಸೇರುವುದಾದರೆ ಈ ಗರಿಷ್ಠ ಅವಧಿ ಎಷ್ಟೆಂದು ಶುಲ್ಕ ವಿಚಾರಿಸುವುದಕ್ಕಿಂತ ಮೊದಲೇ ಕೇಳಿ. ಮೂರು ವರ್ಷಕ್ಕೆ ಹರಡಿಕೊಂಡರೂ ವಾರದ ಹೊರೆ 15–16 ಗಂಟೆಗೆ ಇಳಿಯುತ್ತದೆ. ರೈಲಿನಲ್ಲಿ ಕೂರಲು ಜಾಗ ಸಿಕ್ಕಾಗ ಮುದ್ರಿತ ಪಾಠವನ್ನು ಓದಿಕೊಳ್ಳಬಹುದು. ಲೆಕ್ಕ ಬಿಡಿಸುವುದನ್ನು ಮಾತ್ರ ಭಾನುವಾರಕ್ಕೆ ಇಟ್ಟುಕೊಳ್ಳಿ, ಅದಕ್ಕೆ ಮೇಜು ಬೇಕು.

ಇನ್ನೊಂದು ತೊಡಕು ನಿಮ್ಮ ಕೆಲಸದ್ದೇ. ಪ್ರತಿ ತಿಂಗಳ 11 ಮತ್ತು 20ನೆಯ ತಾರೀಖಿನ ಆಸುಪಾಸು ಜಿಎಸ್‌ಟಿ ರಿಟರ್ನ್ಸ್‌ನ ಒತ್ತಡ, ಮಾರ್ಚ್‌ನಲ್ಲಿ ವರ್ಷಾಂತ್ಯದ ಲೆಕ್ಕ. ಇಗ್ನೋದ ಜೂನ್ ಪರೀಕ್ಷೆಯ ಅಸೈನ್‌ಮೆಂಟ್‌ಗಳನ್ನು ಸಲ್ಲಿಸುವ ಗಡುವು ಸಾಮಾನ್ಯವಾಗಿ ಮಾರ್ಚ್–ಏಪ್ರಿಲ್‌ನಲ್ಲೇ ಬೀಳುತ್ತದೆ. ಅವನ್ನು ಫೆಬ್ರುವರಿಯೊಳಗೆ ಬರೆದಿಡಿ. ಪರೀಕ್ಷೆಯ ದಿನಗಳ ರಜೆಯ ವಿಷಯವನ್ನು ನಿಮ್ಮ ಮೇಲಧಿಕಾರಿಗೆ ಈಗಲೇ ತಿಳಿಸಿ. ಮನೆಯಲ್ಲೂ ಭಾನುವಾರದ ಬೆಳಗು ನಿಮ್ಮ ಓದಿಗೆ ಮೀಸಲೆಂದು ಹಿರಿಯರ ಮುಂದೆ ಬಾಯಿಬಿಟ್ಟು ಹೇಳಿ. ಈ ಎರಡು ಮಾತು ಆಡಲು ಸಂಕೋಚಪಟ್ಟು ಓದನ್ನು ಅರ್ಧಕ್ಕೆ ಬಿಟ್ಟ ಹೆಣ್ಣುಮಕ್ಕಳು ಬಹಳ.

ಪ್ರಶ್ನೆ: ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕ. ಆನ್‌ಲೈನ್‌ನಲ್ಲಿ ಎಂ.ಎ. ಮಾಡಿದರೆ ಮುಂದೆ ಕೆ-ಸೆಟ್ (ಕಾಲೇಜಿನ ಸಹಾಯಕ ಪ್ರಾಧ್ಯಾಪಕರ ಅರ್ಹತಾ ಪರೀಕ್ಷೆ) ಬರೆಯಬಹುದೇ? ಪಿಎಚ್.ಡಿ.ಯನ್ನೂ ಹಾಗೆಯೇ ಮಾಡಬಹುದೇ?
— ಓದುಗರು, ರಾಣೆಬೆನ್ನೂರು

ಉತ್ತರ: ಮಾನ್ಯತೆ ಇರುವ ಆನ್‌ಲೈನ್ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮಾನವೆಂದು ಯುಜಿಸಿ 2022ರಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ಕೆ-ಸೆಟ್‌ಗೆ ಅಡ್ಡಿಯಿಲ್ಲ. ಆದರೆ ಎಂ.ಎ.ಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ. 55, ಮೀಸಲು ವರ್ಗದವರಿಗೆ ಶೇ. 50 ಅಂಕ ಬೇಕಾಗುವುದರಿಂದ ಕೇವಲ ಪಾಸಾಗುವ ಓದು ಸಾಲದು. ಪ್ರವೇಶ ಪಡೆಯುವ ಮೊದಲೇ ಇಲಾಖೆಯ ಅನುಮತಿಯನ್ನು ಲಿಖಿತವಾಗಿ ಪಡೆದುಕೊಳ್ಳಿ. ಪಿಎಚ್.ಡಿ.ಯನ್ನು ಆನ್‌ಲೈನ್ ಅಥವಾ ದೂರಶಿಕ್ಷಣದಲ್ಲಿ ಮಾಡಲು ಅವಕಾಶವಿಲ್ಲ. ನೌಕರಿಯಲ್ಲಿರುವವರು ತಮ್ಮ ಕಚೇರಿಯ ನಿರಾಕ್ಷೇಪಣಾ ಪತ್ರದೊಂದಿಗೆ ಅರೆಕಾಲಿಕವಾಗಿ ಸೇರಲು 2022ರ ಪಿಎಚ್.ಡಿ. ನಿಯಮಾವಳಿ ದಾರಿ ಮಾಡಿಕೊಟ್ಟಿದೆ, ಎಂ.ಎ. ಮುಗಿದ ಮೇಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ನಿಮ್ಮ ವಿಷಯದ ವಿಭಾಗದಲ್ಲಿ ಈ ಬಗ್ಗೆ ವಿಚಾರಿಸಿ.