ಶಾಲೆಯ ಗೇಟು ಎಷ್ಟು ಹೊತ್ತಿಗೆ ಮುಚ್ಚುತ್ತದೆ?

ಬೆಂಗಳೂರಲ್ಲಿ ಮಾಲ್ ಬಿಟ್ಟರೆ ಜನ ಸೇರುವುದು ಎಲ್ಲಿ ಅಂತ ಕೇಳಿದ್ದೀರಿ. ಜಾಗ ಬೇಕಾದಷ್ಟಿದೆ. ಆದರೆ ಈ ಊರಿಗೆ ಬಂದ ಹೊಸತರಲ್ಲಿ ನನ್ನ ಕಣ್ಣಿಗೂ ಬಿದ್ದಿರಲಿಲ್ಲ. ನಾನು ಕಾಸರಗೋಡಿನವನು ನೋಡಿ, ಹುಡುಕಿದ್ದು ಶಾಲೆಗಳನ್ನು.

ನಮ್ಮ ಕಡೆ ಎಲ್ಲದಕ್ಕೂ ಶಾಲೆಯೇ. ಯಕ್ಷಗಾನಕ್ಕೆ ನಾವು ಆಟ ಅನ್ನುತ್ತೇವೆ. ಆಟ ಶಾಲೆಯ ಬಯಲಲ್ಲಿ. ಓಟು ಶಾಲೆಯಲ್ಲಿ. ಮಳೆ ಜಾಸ್ತಿಯಾಗಿ ಹೊಳೆಬದಿಯ ಮನೆಗಳಿಗೆ ನೀರು ನುಗ್ಗಿದರೆ ಜನ ಮಲಗುವುದೂ ಅಲ್ಲೇ. ವಾರ್ಷಿಕೋತ್ಸವಕ್ಕೆ ಮಕ್ಕಳಿಗಿಂತ ಅಜ್ಜಂದಿರ ಗಲಾಟೆಯೇ ಹೆಚ್ಚು. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದೆವು. ಆಮೇಲೆ ಆಫೀಸಿನ ಕಾಗದ, ಬಸ್ಸಿನ ಬೋರ್ಡು ಮೆಲ್ಲಗೆ ಮಲಯಾಳಕ್ಕೆ ತಿರುಗಿದವು. ಕನ್ನಡ ಶಾಲೆ ಮಾತ್ರ ಕೈಯಲ್ಲಿ ಉಳಿಯಿತು. ಅದಕ್ಕೇ ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಮಾಷ್ಟ್ರು ಬಂದರೆ ತಂದೆತಾಯಿಗಳು ಗೇಟಿನ ಮುಂದೆ ಕೂತುಬಿಡುತ್ತಾರೆ. ಹೊರಗಿನವರಿಗೆ ಇದು ಅತಿ ಅನ್ನಿಸುತ್ತದೆ. ನಮ್ಮ ಲೆಕ್ಕದಲ್ಲಿ ಕನ್ನಡ ತರಗತಿಯ ಒಂದು ಡಿವಿಜನ್ ಹೋದರೆ ಆಟದ ಬಯಲೂ ಹೋದ ಹಾಗೆ.

ಇಲ್ಲಿ ಸಂಜೆಯಾದರೆ ಶಾಲೆಯ ಗೇಟು ಮುಚ್ಚುತ್ತದೆ. ಸುಮ್ನೆ ಒಳಗೆ ಇಣುಕಿದರೂ ಸೆಕ್ಯುರಿಟಿಯವರು ಯಾವ ಮಗುವಿನ ಪೇರೆಂಟು ಅಂತ ಕೇಳುತ್ತಾರೆ. ತಪ್ಪಲ್ಲ ಬಿಡಿ, ಇದು ದೊಡ್ಡ ಊರು. ಆದರೂ ಚಾಮರಾಜಪೇಟೆಯ ಫೋರ್ಟ್ ಹೈಸ್ಕೂಲ್ ಮೈದಾನದಲ್ಲಿ ರಾಮನವಮಿ ಸಂಗೀತದ ಚಪ್ಪರ ಮೊದಲ ಸಲ ಕಂಡಾಗ ನನಗೆ ಊರೇ ಎದುರು ಬಂದ ಹಾಗಾಯಿತು. ಅದನ್ನು ನಡೆಸುವ ಶ್ರೀರಾಮ ಸೇವಾ ಮಂಡಳಿ ಶುರುವಾದದ್ದು 1939ರಲ್ಲಿ. ಟಿಕೆಟ್ ಕೊಂಡವರು ಒಳಗೆ ಕೂರುತ್ತಾರೆ. ನನ್ನಂಥವರು ಹೊರಗೆ ನಿಂತೇ ಒಂದು ರಾಗ ಕೇಳಿ ಮನೆಗೆ ಹೋಗುವುದೂ ಉಂಟು.

ನಮ್ಮಲ್ಲಿ ಒಂದು ಶಾಲೆ ಮಾಡುವ ಕೆಲಸವನ್ನು ಇಲ್ಲಿ ಊರೆಲ್ಲ ಹಂಚಿಕೊಂಡಿದೆ. ಭಾಷಣ ಕೇಳಬೇಕೆಂದರೆ ಬಸವನಗುಡಿ ಕಡೆ ಹೋಗಿ. ಡಿವಿಜಿ 1945ರಲ್ಲಿ ಕಟ್ಟಿದ ಗೋಖಲೆ ಸಂಸ್ಥೆ ಅಲ್ಲಿದೆ. ಅದೇ ವರ್ಷ ಹುಟ್ಟಿದ ವರ್ಲ್ಡ್ ಕಲ್ಚರ್ ಸಂಸ್ಥೆಯೂ ಹತ್ತಿರದಲ್ಲೇ. ಹೆಚ್ಚಿನ ಕಡೆ ಭಾಷಣಕ್ಕೆ ಕಾಸು ಕೇಳುವುದಿಲ್ಲ, ಪರಿಚಯವೂ ಬೇಕಿಲ್ಲ. ಮುಂದಿನ ಸಾಲು ಬಿಟ್ಟು ಕೂತರೆ ಸಾಕು. ನಾಟಕಕ್ಕೆ ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ. ಠಾಕೂರರ ಜನ್ಮಶತಮಾನೋತ್ಸವದ ನೆನಪಿಗೆ ಕಟ್ಟಿ 1963ರಲ್ಲಿ ತೆರೆದದ್ದು. ಒಳಗಿನ ನಾಟಕದಷ್ಟೇ ಹೊರಗಿನ ಹರಟೆಯೂ ಚೆನ್ನ. ಜೆ.ಪಿ. ನಗರದ ರಂಗಶಂಕರಕ್ಕೆ ಹೋಗುವುದಾದರೆ ಟ್ರಾಫಿಕ್ ನೆಪ ನಡೆಯದು. ಹೊತ್ತಾದ ಮೇಲೆ ಬಾಗಿಲು ಹಾಕಿದರೆ ಹಾಕಿದಂತೆ. ಇನ್ನು ಜಗಳ ತೆಗೆಯಲು ಫ್ರೀಡಂ ಪಾರ್ಕ್. ಹಳೆಯ ಸೆಂಟ್ರಲ್ ಜೈಲನ್ನೇ ಪಾರ್ಕು ಮಾಡಿ, ಧರಣಿಗೆ ಅಲ್ಲೇ ಬನ್ನಿ ಅಂದಿದ್ದಾರೆ. ನಗಬೇಕೋ ಅಳಬೇಕೋ ನೀವೇ ಹೇಳಿ.

ಒಂದು ವಿಷಯ ಮಾತ್ರ ನನಗೆ ಇನ್ನೂ ಒಗ್ಗಿಲ್ಲ. ಇಲ್ಲಿ ಒಂದೊಂದು ಸಮುದಾಯಕ್ಕೆ ಒಂದೊಂದು ಭವನ. ವಸಂತನಗರದಲ್ಲಿ ಕೊಡವ ಸಮಾಜ, ವಿಜಯನಗರದಲ್ಲಿ ಬಂಟರ ಸಂಘ, ಮಲ್ಲೇಶ್ವರದಲ್ಲಿ ಹವ್ಯಕ ಮಹಾಸಭೆ. ಪರಊರಿಂದ ಬಂದವನಿಗೆ ಮೊದಲ ಆಸರೆ ಇಂಥ ಕಡೆಯೇ ಸಿಗುವುದು, ಸುಳ್ಳಲ್ಲ. ಆದರೆ ಊರಲ್ಲಿ ಒಂದೇ ಬೆಂಚಿನಲ್ಲಿ ಕೂತ ನಾವು ಮೂವರು ಗೆಳೆಯರು ಇಲ್ಲಿ ಮೂರು ಭವನಗಳ ಊಟಕ್ಕೆ ಹೋಗುತ್ತೇವೆ. ಮೂವರೂ ಸೇರುವುದು ದರ್ಶಿನಿಯಲ್ಲಿ. ಅದೂ ನಿಂತುಕೊಂಡು.

ಅದಕ್ಕೇ ಹೋದ ವರ್ಷ ಒಂದು ಸಭಾಂಗಣ ಬಾಡಿಗೆಗೆ ಹಿಡಿದು ತಾಳಮದ್ದಳೆ ಇಟ್ಟೆವು. ಅಂದರೆ ವೇಷ, ಕುಣಿತ ಇಲ್ಲದೆ ಕೂತು ಮಾತಾಡುವ ಯಕ್ಷಗಾನ. ಕರ್ಣನ ಪ್ರಸಂಗ. ಶಲ್ಯ ಸಿಟ್ಟಾಗಿ ರಥದಿಂದ ಇಳಿಯುವಾಗ ರಾತ್ರಿ ಒಂಬತ್ತೂವರೆ. ಮ್ಯಾನೇಜರ್ ಬಂದು ಗಡಿಯಾರ ತೋರಿಸಿದರು. ಊರಲ್ಲಾದರೆ ಆ ಹೊತ್ತಿಗೆ ಇನ್ನೂ ಪೀಠಿಕೆ ಮುಗಿದಿರುವುದಿಲ್ಲ! ಹತ್ತಾದರೆ ಅಲ್ಲಿ ಮೈಕ್ ಹಾಕುವಂತಿಲ್ಲ ಅನ್ನುವುದು ಗೊತ್ತಿತ್ತು. ಆದರೆ ಕೃಷ್ಣನ ಮಾತು ಆಡುವ ಅರ್ಥಧಾರಿಗೆ ಅದನ್ನು ಹೇಳುವವರು ಯಾರು? ಲೈಟ್ ಆರಿತು. ಕರ್ಣ ಸತ್ತದ್ದು ಕೆಳಗೆ ಪಾರ್ಕಿಂಗಿನಲ್ಲಿ, ಚೆಂಡೆಯಿಲ್ಲದೆ, ಎರಡು ಸ್ಕೂಟರಿನ ನಡುವೆ.

ಈ ಸಲ ಮಧ್ಯಾಹ್ನ ಮೂರಕ್ಕೇ ಶುರು ಮಾಡುತ್ತೇವೆ. ನೀವೂ ಬನ್ನಿ. ನಿಮಗೆ ಕಾಫಿ ಇರುತ್ತದೆ, ನಮಗೆ ಚಾ.