ಕಂಡದ್ದು, ಕೇಳಿದ್ದು, ಆಮೇಲೆ ತಿಳಿದದ್ದು: ಯೋಧರ ಅನುಭವ ಕಥನಗಳ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲದ ಪ್ರಶ್ನೆಗಳೆಲ್ಲ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಓದುಗರವು.

ಪ್ರಶ್ನೆ: 1962ರ ಭಾರತ–ಚೀನಾ ಯುದ್ಧದ ಬಗ್ಗೆ ಜಾನ್ ದಳವಿ ಬರೆದ ‘ಹಿಮಾಲಯನ್ ಬ್ಲಂಡರ್’ ಅನ್ನು ರವಿ ಬೆಳಗೆರೆಯವರ ಕನ್ನಡದಲ್ಲಿ ಓದಿ ಮುಗಿಸಿದೆ. ಓದುತ್ತಾ ಓದುತ್ತಾ ಸಿಟ್ಟು ನೆತ್ತಿಗೇರಿತು. ಅದರಲ್ಲಿರುವುದನ್ನೆಲ್ಲ ಇತಿಹಾಸ ಅಂತಲೇ ನಂಬಬಹುದೇ? (ಯಲಬುರ್ಗಾ)

ಉತ್ತರ: ಕೈಯಲ್ಲಿ ಪೆನ್ಸಿಲ್ ಹಿಡಿದು ಇನ್ನೊಮ್ಮೆ ಓದಿ. ಪ್ಯಾರಾ ಪ್ಯಾರಾಕ್ಕೂ ಅಂಚಿನಲ್ಲಿ ಒಂದು ಗುರುತು ಹಾಕುತ್ತಾ ಹೋಗಿ: ಬರೆದವರು ಇದನ್ನು ಕಣ್ಣಾರೆ ಕಂಡರೇ, ಇನ್ನೊಬ್ಬರಿಂದ ಕೇಳಿದರೇ, ಅಥವಾ ಯುದ್ಧ ಮುಗಿದ ಮೇಲೆ ತಿಳಿದುಕೊಂಡರೇ?

ಬ್ರಿಗೇಡಿಯರ್ ಜಾನ್ ದಳವಿ 7ನೇ ಬ್ರಿಗೇಡಿನ ಕಮಾಂಡರ್ ಆಗಿದ್ದವರು. 1962ರ ಅಕ್ಟೋಬರ್ 20ರ ನಸುಕಿನಲ್ಲಿ ಇಂದಿನ ಅರುಣಾಚಲ ಪ್ರದೇಶದ ನಮ್ಕಾ ಚು ಹೊಳೆಯ ದಂಡೆಯಲ್ಲಿದ್ದ ಅವರ ಪಡೆಯ ಮೇಲೆ ಚೀನಾ ದಾಳಿ ಮಾಡಿತು. 22ರಂದು ಅವರು ಸೆರೆ ಸಿಕ್ಕರು, 1963ರ ಮೇ ತಿಂಗಳಲ್ಲಿ ಬಿಡುಗಡೆಯಾದರು. ಎದುರಿನ ಥಗ್ ಲಾ ದಿಬ್ಬ ಶತ್ರುವಿನ ಕೈಯಲ್ಲಿ, ನಮ್ಮವರು ಕೆಳಗೆ ಹೊಳೆಯ ತಗ್ಗಿನಲ್ಲಿ. ಆ ಚಳಿಯಲ್ಲೂ ಬಹಳಷ್ಟು ಜವಾನರ ಮೈಮೇಲೆ ಹತ್ತಿಯ ಸಮವಸ್ತ್ರ, ಹೆಗಲಲ್ಲಿ ಹಳೆಯ ಪಾಯಿಂಟ್ 303 ರೈಫಲ್. ಸಾಂಗ್‌ಧಾರ್‌ನಲ್ಲಿ ವಿಮಾನದಿಂದ ಇಳಿಬಿಟ್ಟ ಸಾಮಾನಿನಲ್ಲಿ ಎಷ್ಟೋ ಪಾಲು ಕಂದಕಕ್ಕೆ ಬಿದ್ದು ಹಾಳಾಯಿತು. ಇವೆಲ್ಲ ದಳವಿ ಅಲ್ಲೇ ನಿಂತು ಕಂಡ ಸಂಗತಿಗಳು. ಇಲ್ಲಿ ಅವರ ಮಾತಿಗೆ ಪೂರ್ತಿ ತೂಕ ಕೊಡಿ.

ದಿಲ್ಲಿಯ ಸಭೆಗಳಲ್ಲಿ ಯಾರು ಏನು ಅಂದರು ಎನ್ನುವ ಭಾಗ ಬೇರೆ. ದಳವಿ ಆಗ ಗಡಿಯಲ್ಲಿದ್ದರು. ಆ ವಿವರವನ್ನು ಇತರ ದಾಖಲೆಗಳ ಜೊತೆ ಇಟ್ಟು ನೋಡಲೇಬೇಕು. ಪ್ರಕಟಣೆಯ ವರ್ಷಗಳನ್ನೂ ಗಮನಿಸಿ. ದಳವಿಯವರ ಮೇಲಧಿಕಾರಿ, 4ನೇ ಕೋರ್ ಕಮಾಂಡರ್ ಆಗಿದ್ದ ಬಿ.ಎಂ. ಕೌಲ್ ತಮ್ಮ ಸಮರ್ಥನೆಯ ಪುಸ್ತಕ ತಂದದ್ದು 1967ರಲ್ಲಿ. ದಳವಿಯವರ ಪುಸ್ತಕ ಹೊರಬಂದದ್ದು 1969ರಲ್ಲಿ. ಒಂದರ ಪಕ್ಕ ಒಂದಿಟ್ಟು ಅಕ್ಟೋಬರ್ 10ರಿಂದ 20ರವರೆಗಿನ ದಿನಗಳನ್ನಷ್ಟೇ ಹೋಲಿಸಿದರೂ ಯಾರು ಯಾವುದನ್ನು ಹಾರಿಸಿದ್ದಾರೆ ಎಂಬುದು ಎದ್ದು ಕಾಣುತ್ತದೆ. ದಾಳಿಯ ದಿನ ಕೌಲ್ ಕಾಯಿಲೆಯ ಕಾರಣ ದಿಲ್ಲಿಯಲ್ಲಿದ್ದರು ಎಂಬುದನ್ನು ಮರೆಯದೆ ಹೋಲಿಸಿ. ಸೋಲಿನ ಬಗ್ಗೆ ಸೇನೆಯೇ ಮಾಡಿಸಿದ ಹೆಂಡರ್ಸನ್ ಬ್ರೂಕ್ಸ್–ಭಗತ್ ವರದಿಯನ್ನು ಸರ್ಕಾರ ಪ್ರಕಟಿಸಿಲ್ಲ. ಅದರ ಒಂದು ಭಾಗ 2014ರಲ್ಲಿ ಅಂತರ್ಜಾಲದಲ್ಲಿ ಹೊರಬಿತ್ತು.

ಓದುಗರು ಎಡವುವುದು ಎರಡು ಕಡೆ. ಕಣ್ಣೀರು ತರಿಸಿದ ಅಧ್ಯಾಯದ ನಂಬಿಕೆಯನ್ನು ಕೆಲವರು ಪುಸ್ತಕದ ಉದ್ದಕ್ಕೂ ಹೊತ್ತುಕೊಂಡು ಹೋಗುತ್ತಾರೆ. ಇನ್ನು ಕೆಲವರು ‘ಸಿಟ್ಟಿನಲ್ಲಿ ಬರೆದದ್ದು’ ಎಂದು ಇಡೀ ಪುಸ್ತಕವನ್ನೇ ಪಕ್ಕಕ್ಕಿಡುತ್ತಾರೆ. ಎರಡನೆಯದು ಹೆಚ್ಚು ಅನ್ಯಾಯ. ಸಿಟ್ಟಿದ್ದ ಮಾತ್ರಕ್ಕೆ ಕಂಡದ್ದು ಸುಳ್ಳಾಗುವುದಿಲ್ಲ. ಅಂದ ಹಾಗೆ, ಯಾವ ಅನುವಾದದಲ್ಲೇ ಆಗಲಿ ಸಂಖ್ಯೆ ಅಥವಾ ಸ್ಥಳದ ಹೆಸರಿನ ಬಗ್ಗೆ ಅನುಮಾನ ಬಂದರೆ ಮೂಲದ ಅದೇ ಅಧ್ಯಾಯ ತೆರೆದು ನೋಡಿ.

ಪ್ರಶ್ನೆ: ನಮ್ಮದು ಆರ್.ಎಚ್. ಕ್ಯಾಂಪ್ (ನಿರಾಶ್ರಿತರ ಪುನರ್ವಸತಿ ನೆಲೆ). ಮನೆಯ ಹಿರಿಯರು ಪೂರ್ವ ಪಾಕಿಸ್ತಾನದಿಂದ (ಇಂದಿನ ಬಾಂಗ್ಲಾದೇಶ) ಬಂದವರಾದ್ದರಿಂದ 1971ರ ಯುದ್ಧದ ಪುಸ್ತಕಗಳನ್ನು ಹುಡುಕಿ ಓದುತ್ತೇನೆ. ಒಂದೇ ಘಟನೆಗೆ ಒಂದೊಂದು ಪುಸ್ತಕದಲ್ಲಿ ಒಂದೊಂದು ಗಂಟೆ ಇದೆ. ಯಾವುದು ಸರಿ? (ಸಿಂಧನೂರು ತಾಲ್ಲೂಕು)

ಉತ್ತರ: ಬಹಳ ಸಲ ಎರಡೂ ಸರಿ ಇರುತ್ತವೆ, ಗಡಿಯಾರ ಬೇರೆ ಅಷ್ಟೆ. ಢಾಕಾದ ಸಮಯ ಭಾರತಕ್ಕಿಂತ ಅರ್ಧ ಗಂಟೆ ಮುಂದೆ, ಪಶ್ಚಿಮ ಪಾಕಿಸ್ತಾನದ್ದು ಅರ್ಧ ಗಂಟೆ ಹಿಂದೆ. ಡಿಸೆಂಬರ್ 16ರಂದು ಪಾಕಿಸ್ತಾನಿ ಸೇನೆ ಸಹಿ ಹಾಕಿದ ಶರಣಾಗತಿ ಪತ್ರದಲ್ಲಿರುವ ಭಾರತೀಯ ಸಮಯ 4:31, ಢಾಕಾದ ಗಡಿಯಾರದಲ್ಲಿ 5:01. 1962ರ ಪುಸ್ತಕಗಳಲ್ಲಿ ಈ ಗೊಂದಲ ಇನ್ನೂ ದೊಡ್ಡದು, ಏಕೆಂದರೆ ಬೀಜಿಂಗ್ ನಮಗಿಂತ ಎರಡೂವರೆ ಗಂಟೆ ಮುಂದಿದೆ. ಹಾಗಾಗಿ ಚೀನಾ ಕಡೆಯ ಬರಹದಲ್ಲಿ ‘ಬೆಳಿಗ್ಗೆ ಏಳೂವರೆ’ ಎಂದಿದ್ದರೆ ನಮ್ಮ ಲೆಕ್ಕದಲ್ಲಿ ಅದು ಐದು ಗಂಟೆಯ ನಸುಕು. ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ಮೂರು ಕಲಮು ಎಳೆದು ದಿನಾಂಕ, ಅವರ ಸಮಯ, ನಮ್ಮ ಸಮಯ ಬರೆದುಕೊಂಡರೆ ಗೋಜಲು ತಪ್ಪುತ್ತದೆ.

ಇನ್ನೊಂದು ಮಾತು. 93,000 ‘ಸೈನಿಕರು’ ಶರಣಾದರು ಎಂದು ಸಲೀಸಾಗಿ ಬರೆಯುತ್ತಾರೆ. ಆ ಲೆಕ್ಕದಲ್ಲಿ ಅರೆಸೇನಾ ಪಡೆ, ಪೊಲೀಸರು, ನಾಗರಿಕರೂ ಸೇರಿದ್ದಾರೆ.

ಪ್ರಶ್ನೆ: ಸೆರೆಯಲ್ಲಿದ್ದವರಿಗೆ ಕಾಗದ, ಪೆನ್ನು ಸಿಗುವುದೇ ಕಷ್ಟ. ಮತ್ತೆ ವರ್ಷಗಳಾದ ಮೇಲೆ ಅಷ್ಟುದ್ದದ ಸಂಭಾಷಣೆ ಹೇಗೆ ಬರೆಯುತ್ತಾರೆ? (ರಾಯಚೂರು)

ಉತ್ತರ: ಸಂಭಾಷಣೆಯನ್ನು ಅಕ್ಷರಕ್ಷರ ನಂಬಬೇಡಿ. ಅದರ ಸಾರ, ಅದು ನಡೆದ ಜಾಗ, ಎದುರಿಗಿದ್ದವರ ವರ್ತನೆ ಇವಿಷ್ಟನ್ನು ತೆಗೆದುಕೊಳ್ಳಿ. ದಿನಾಂಕಗಳು ಬಂಧನದ ಮೊದಲ ವಾರಗಳಲ್ಲಿ ಹೆಚ್ಚು ಏರುಪೇರಾಗುತ್ತವೆ. ಗಾಯ, ಒಂಟಿ ಕೋಣೆ, ಕಣ್ಣಿಗೆ ಕಟ್ಟಿದ ಬಟ್ಟೆ, ಹಗಲು ರಾತ್ರಿ ಗೊತ್ತಾಗದ ವಿಚಾರಣೆ ಇವೇ ಅದಕ್ಕೆ ಕಾರಣ. ಬೇರೆ ಕೈದಿಗಳ ಜೊತೆ ಸೇರಿಸಿದ ಮೇಲೆ ನೆನಪು ಗಟ್ಟಿಯಾಗುತ್ತದೆ. ಊಟದ ಅಳತೆ, ಬೀಗದ ಸದ್ದು, ಕಾವಲು ಬದಲಾಗುವ ಹೊತ್ತು ಇಂಥವು ಮಾತ್ರ ಅಚ್ಚರಿಯಾಗುವಷ್ಟು ನಿಖರವಾಗಿರುತ್ತವೆ. ದಿನವಿಡೀ ಅವರು ಗಮನಿಸುತ್ತಿದ್ದದ್ದೇ ಅದನ್ನು.

ಒಂದೇ ಘಟನೆಯನ್ನು ಹಲವರು ಹೇಳಿದ್ದರೆ ಓದುಗರಿಗೆ ಅದೇ ಭಾಗ್ಯ. 1972ರ ಆಗಸ್ಟ್ 13ರ ಮಧ್ಯರಾತ್ರಿಯ ಆಸುಪಾಸಿನಲ್ಲಿ ರಾವಲ್ಪಿಂಡಿಯ ಶಿಬಿರದಿಂದ ದಿಲೀಪ್ ಪರುಲ್ಕರ್, ಎಂ.ಎಸ್. ಗ್ರೆವಾಲ್, ಹರೀಶ್ ಸಿನ್ಹ್‌ಜಿ ಎಂಬ, 1971ರ ಯುದ್ಧದಲ್ಲಿ ಸೆರೆ ಸಿಕ್ಕಿದ್ದ ನಮ್ಮ ವಾಯುಪಡೆಯ ಪೈಲಟ್‌ಗಳು ಗೋಡೆ ಕೊರೆದು ತಪ್ಪಿಸಿಕೊಂಡರು. ಅಫ್ಘನ್ ಗಡಿಯ ಹತ್ತಿರ, ಲಂಡಿ ಕೋಟಲ್‌ನಲ್ಲಿ ಸಿಕ್ಕಿಬಿದ್ದರು. ಅವರ ಬಳಿ ಇದ್ದದ್ದು ಶಾಲೆಯ ಅಟ್ಲಾಸ್. ಅದರಲ್ಲಿ ಲಂಡಿ ಖಾನಾ ಎಂಬ ರೈಲು ನಿಲ್ದಾಣ ಕಂಡು, ಅಲ್ಲಿಗೆ ಹೋಗುವ ದಾರಿ ವಿಚಾರಿಸಿದರು. ಆ ನಿಲ್ದಾಣ ಬ್ರಿಟಿಷರ ಕಾಲದಲ್ಲೇ, 1932ರಲ್ಲಿ ಮುಚ್ಚಿಹೋಗಿತ್ತು. ಇಲ್ಲದ ನಿಲ್ದಾಣ ಕೇಳುವವರು ಯಾರು ಎಂದು ಊರವರಿಗೆ ಅನುಮಾನ ಬಂತು. ಇಂಥ ಕಡೆ ನೀವು ಇವತ್ತಿನ ಫೋನಿನ ನಕ್ಷೆ ಹಿಡಿದು ಓದಿದರೆ ಅವರ ತಪ್ಪು ಮೂರ್ಖತನದಂತೆ ಕಾಣುತ್ತದೆ. ಆ ಕಾಲದ ನಕ್ಷೆ ನೋಡಿದರೆ ಅವರ ಲೆಕ್ಕಾಚಾರ ಅರ್ಥವಾಗುತ್ತದೆ.

ಪ್ರಶ್ನೆ: ಪಡೆಗಳ ಹೆಸರು ಬಂದಾಗ ಗಾತ್ರದ ಅಂದಾಜೇ ಆಗುವುದಿಲ್ಲ. (ಕುಷ್ಟಗಿ)

ಉತ್ತರ: ಕಾಲಾಳು ಪಡೆಯಲ್ಲಿ ಸೆಕ್ಷನ್ ಎಂದರೆ ಸುಮಾರು 10 ಜನ, ಪ್ಲಟೂನ್ 35ರ ಆಸುಪಾಸು, ಕಂಪನಿ 120, ಬೆಟಾಲಿಯನ್ 800. ಮೂರು ಬೆಟಾಲಿಯನ್ ಸೇರಿದರೆ ಸಾಮಾನ್ಯವಾಗಿ ಒಂದು ಬ್ರಿಗೇಡ್. ಇದು ಪೂರ್ಣ ಬಲದ ಲೆಕ್ಕ, ಯುದ್ಧದ ನಡುವೆ ಕಂಪನಿಯೊಂದರಲ್ಲಿ ಅರ್ಧದಷ್ಟೇ ಜನ ಉಳಿದಿರಬಹುದು. ಕ್ಯಾಜುವಾಲ್ಟಿ ಎಂಬ ಅಂಕಿಯಲ್ಲಿ ಸತ್ತವರ ಜೊತೆ ಗಾಯಾಳುಗಳು, ನಾಪತ್ತೆಯಾದವರು, ಸೆರೆ ಸಿಕ್ಕವರೂ ಇರುತ್ತಾರೆ.

ಪ್ರಶ್ನೆ: ಮೊದಲನೇ ಮಹಾಯುದ್ಧದಲ್ಲಿ ಬಳ್ಳಾರಿಯಲ್ಲಿ ತುರ್ಕಿ ಕೈದಿಗಳಿದ್ದರಂತೆ. ಸೆರೆಯ ಪುಸ್ತಕಗಳಲ್ಲಿ ಓದುವ ನರಕಕ್ಕೂ ಅಧಿಕೃತ ವರದಿಗಳ ‘ಎಲ್ಲ ಕ್ಷೇಮ’ಕ್ಕೂ ಯಾಕೆ ತಾಳೆಯಾಗುವುದಿಲ್ಲ? (ಬಳ್ಳಾರಿ)

ಉತ್ತರ: ಇದ್ದದ್ದು ನಿಜ. ಅಂತರರಾಷ್ಟ್ರೀಯ ರೆಡ್‌ಕ್ರಾಸ್‌ನ ಪ್ರತಿನಿಧಿಗಳು 1917ರಲ್ಲಿ ಭಾರತದ ಶಿಬಿರಗಳನ್ನು ನೋಡಲು ಬಂದಾಗ ಬಳ್ಳಾರಿಗೂ ಭೇಟಿ ಕೊಟ್ಟಿದ್ದರು. ಅಂಥ ವರದಿ ವಸತಿ, ನೀರು, ಊಟ, ಆಸ್ಪತ್ರೆ, ಅಂಚೆ ಇವನ್ನು ಪರಿಶೀಲಿಸುತ್ತದೆ. ಭೇಟಿಯ ಸುದ್ದಿ ಶಿಬಿರಕ್ಕೆ ಮೊದಲೇ ಮುಟ್ಟಿರಬಹುದು, ಭೇಟಿ ಮುಗಿದ ಮೇಲಿನ ರಾತ್ರಿ ಅದರ ಲೆಕ್ಕಕ್ಕೆ ಬರುವುದಿಲ್ಲ. ಕೈದಿಯ ಪುಸ್ತಕದಲ್ಲಿ ಆ ರಾತ್ರಿಗಳೇ ಇರುತ್ತವೆ.

ಪತ್ರಗಳದ್ದು ಮೂರನೇ ಬಗೆ. 1949ರ ಜಿನೀವಾ ಒಪ್ಪಂದದ ಪ್ರಕಾರ ಯುದ್ಧ ಕೈದಿಗೆ ತಿಂಗಳಿಗೆ ಕನಿಷ್ಠ ಎರಡು ಪತ್ರ, ನಾಲ್ಕು ಕಾರ್ಡ್ ಬರೆಯಲು ಬಿಡಬೇಕು. ಆದರೆ ಅವು ಸೆನ್ಸಾರ್ ದಾಟಿಯೇ ಹೋಗಬೇಕು, ಮೇಲಾಗಿ ಮನೆಯವರು ಕಂಗೆಡಬಾರದೆಂದು ಕೈದಿಯೇ ಎಷ್ಟೋ ನುಂಗಿಕೊಳ್ಳುತ್ತಾನೆ. ಪತ್ರದಲ್ಲಿ ‘ಆರಾಮಿದ್ದೇನೆ’, ಪುಸ್ತಕದಲ್ಲಿ ‘ಹಸಿದಿದ್ದೆ’ ಎಂದಿದ್ದರೆ ಅವನನ್ನು ಸುಳ್ಳುಗಾರ ಅನ್ನಬೇಡಿ.

ಪ್ರಶ್ನೆ: ನಮ್ಮ ಅಜ್ಜ ಫೌಜಿನಲ್ಲಿದ್ದವರು, ಈಗಲೂ ಚೆನ್ನಾಗಿ ಮಾತಾಡುತ್ತಾರೆ. ಅವರ ನೆನಪುಗಳನ್ನು ಬರೆದುಕೊಳ್ಳಬೇಕು, ಎಲ್ಲಿಂದ ಶುರು ಮಾಡಲಿ? (ಸಿರುಗುಪ್ಪ)

ಉತ್ತರ: ಇವತ್ತೇ ಶುರು ಮಾಡಿ, ಯುದ್ಧದಿಂದ ಮಾತ್ರ ಬೇಡ. ಭರ್ತಿಯಾದ ಊರು, ತರಬೇತಿ, ಮೊದಲ ರಜೆ, ಅಡುಗೆ ಮನೆ ಇವುಗಳಿಂದ ಆರಂಭಿಸಿದರೆ ಮಾತು ತಾನಾಗಿ ಮುಂದಕ್ಕೆ ಹೋಗುತ್ತದೆ. ಒಂದು ಸಲಕ್ಕೆ 40 ನಿಮಿಷ ಸಾಕು. ಫೋನಿನಲ್ಲಿ ರೆಕಾರ್ಡ್ ಮಾಡಿ, ಅವರದೇ ಮಾತಿನಲ್ಲಿ ಇಳಿಸಿಕೊಳ್ಳಿ, ಪುಸ್ತಕದ ಭಾಷೆಗೆ ತಿದ್ದಬೇಡಿ. ‘ಎಷ್ಟು ಜನರನ್ನು ಹೊಡೆದಿರಿ’ ಎಂದು ಯಾವತ್ತೂ ಕೇಳಬಾರದು. ಮಾತು ನಿಲ್ಲಿಸಿದರೆ ನೀವೂ ನಿಲ್ಲಿಸಿ, ಆ ರಾತ್ರಿ ನಿದ್ದೆ ಕೆಟ್ಟಿದ್ದರೆ ಕೆಲ ದಿನ ಆ ವಿಷಯವನ್ನೇ ಎತ್ತಬೇಡಿ.

ದಿನಾಂಕಕ್ಕೆ ಅವರನ್ನು ಪೀಡಿಸುವ ಬದಲು ಡಿಸ್‌ಚಾರ್ಜ್ ಪುಸ್ತಕ (ಸೇನೆಯಿಂದ ಬಿಡುಗಡೆಯಾದಾಗ ಕೊಡುವ ಸೇವಾ ದಾಖಲೆ) ನೋಡಿ. ಪದಕಗಳೂ ಹೇಳುತ್ತವೆ: ಸಮರ ಸೇವಾ ಸ್ಟಾರ್ 1965ರದ್ದು, ಪೂರ್ವಿ ಸ್ಟಾರ್ ಮತ್ತು ಪಶ್ಚಿಮಿ ಸ್ಟಾರ್ 1971ರ ಪೂರ್ವ, ಪಶ್ಚಿಮ ರಂಗಗಳದ್ದು. ಸೇವಾ ಸಂಖ್ಯೆ, ಹೆಸರು ಪದಕದ ಅಂಚಿನಲ್ಲಿ ಕೊರೆದಿರುವುದುಂಟು. ಹಾಗಾಗಿ ಹೊಳಪು ಬರಲೆಂದು ಬೂದಿ, ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಅಕ್ಷರ ಸವೆಯುತ್ತದೆ. ಒಣ ಬಟ್ಟೆಯಿಂದ ಒರೆಸಿ, ಓರೆ ಬೆಳಕಿನಲ್ಲಿ ಅಂಚಿನ ಫೋಟೊ ತೆಗೆದಿಟ್ಟುಕೊಳ್ಳಿ.